ಹಳೇಕೋಟೆಯ ಫೋಟೋಕ್ಕೆ ಕಣ್ಣು ಬರೆದದ್ದು

ಮುಂದಿನ ಸೋಮವಾರ ನನ್ನ ಎಡಗಣ್ಣಿನ ಪೊರೆ ತೆಗೆಯುತ್ತಾರೆ. ಆಸ್ಪತ್ರೆಗೆ ಒಯ್ಯಲು ಮೆತ್ತನೆಯ ಹಳೇ ಸೀರೆ ಬೇಕೆಂದು ತಮ್ಮನ ಮಗಳು ಶೈಲಜೆ ಅಟ್ಟದ ಮೇಲಿನ ಟ್ರಂಕು ಇಳಿಸಿ ಕೆದಕುತ್ತಿದ್ದಳು. ಸೀರೆಗಳ ತಳದಿಂದ ಅಂಗೈಯಗಲದ ಗುಂಡು ಕನ್ನಡಿಯೊಂದು ಉರುಳಿ ಬಂತು.

"ಇದೇನತ್ತೆ, ಮುಖಾನೇ ಕಾಣಲ್ವಲ್ಲ ಇದರಲ್ಲಿ! ಎಸೆದುಬಿಡ್ಲಾ?"

"ಇಡು ಅಲ್ಲಿ, ಮುಟ್ಟಬೇಡ!" ಎಂದು ನಾನು ಗದರಿದ ಜೋರಿಗೆ ಪಾಪ, ಹುಡುಗಿ ಬೆಚ್ಚಿಬಿದ್ದಳು. ಮೂವತ್ತು ವರ್ಷ ಡ್ರಾಯಿಂಗ್ ಟೀಚರಾಗಿದ್ದೆ, ನಿಜ. ಆದರೆ ನನಗೆ ಹೆದರಿದ ಒಂದೇ ಒಂದು ಮಗುವನ್ನೂ ನಾನು ಕಾಣೆ. ಅಂಥವಳ ಗಂಟಲಲ್ಲಿ ಇಷ್ಟು ದನಿ ಎಲ್ಲಿ ಅಡಗಿತ್ತೋ!

ಆ ಕನ್ನಡಿ ಹೊಳೆನರಸೀಪುರದ ಸಂತೆಯದು. ಆಗ ಇಂಥ ಕನ್ನಡಿಗಳ ಬೆನ್ನಿಗೆ ತಗಡು ಹೊಡೆದು, ತಗಡಿನ ಮೇಲೆ ಯಾರಾದರೊಬ್ಬ ಸಿನಿಮಾ ನಟಿಯ ಚಿತ್ರ ಅಂಟಿಸಿರುತ್ತಿದ್ದರು. ನನ್ನ ಕನ್ನಡಿಯ ನಟಿಯ ಗಲ್ಲ, ಮೂಗು, ತುಟಿ ಎಲ್ಲ ಸವೆದುಹೋಗಿ ಈಗ ಒಂದೇ ಒಂದು ಕಣ್ಣು ಉಳಿದಿದೆ. ನನ್ನ ಕಥೆಯೂ ಹೆಚ್ಚು ಕಡಿಮೆ ಅಲ್ಲಿಗೇ ಬಂದು ನಿಂತಿದೆಯೆನ್ನಿ.

ನನಗೆ ಚಿಕ್ಕಂದಿನಿಂದಲೂ ಕಣ್ಣಿನ ಹುಚ್ಚು. ನಮ್ಮಪ್ಪ ಬದುಕಿದ್ದಾಗ ನಾವು ಹಾಸನದಲ್ಲಿದ್ದೆವು. ಸಿನಿಮಾದ ಟೆಂಟು ಬಂತೆಂದರೆ ನನಗೆ ಜ್ವರ ಬಂದಂತೆ. ಕಥೆ ಏನಾಯಿತು, ಯಾರು ಯಾರನ್ನು ಮದುವೆಯಾದರು, ಒಂದೂ ನೆನಪಿರುತ್ತಿರಲಿಲ್ಲ. ಮರಳಿನ ಮೇಲೆ ಕೂತು ಕತ್ತೆತ್ತಿ ನಾನು ನೋಡುತ್ತಿದ್ದುದು ನಾಯಕಿಯ ಕಣ್ಣನ್ನು ಮಾತ್ರ. ಟೆಂಟಿನ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರಲ್ಲ, ಅದರ ರಕ್ಷಾಪುಟದ ಕಣ್ಣನ್ನು ಮನೆಗೆ ಬಂದು ಲೆಕ್ಕದ ಪುಸ್ತಕದ ಹಿಂದೆ ಬರೆಯುತ್ತಿದ್ದೆ. ಒಂದು ಪುಟಕ್ಕೆ ಇಪ್ಪತ್ತು, ಮೂವತ್ತು ಕಣ್ಣು. ಮುಖವಿಲ್ಲ, ಬರೀ ಕಣ್ಣು. ಒಂದು ಸಲ ಅಮ್ಮ ಆ ಪುಸ್ತಕ ತೆರೆದು, "ಅಯ್ಯೋ ಶಿವನೆ, ಇದೇನೇ ಪುಸ್ತಕವೆಲ್ಲ ನನ್ನನ್ನೇ ನೋಡ್ತಾ ಇದೆ!" ಎಂದು ಒಲೆಯ ಹತ್ತಿರ ಎಸೆದಿದ್ದಳು.

ಶ್ರವಣಬೆಳಗೊಳಕ್ಕೆ ಶಾಲೆಯಿಂದ ಕರೆದುಕೊಂಡು ಹೋದಾಗಲೂ ಇದೇ ಪಾಡು. ಜೊತೆಯವರೆಲ್ಲ ಗೊಮ್ಮಟನ ಎತ್ತರ ನೋಡಿ ಬಾಯಿ ಬಿಟ್ಟರೆ ನಾನು ಅವನ ಕಣ್ಣಿಗೆ ಸಿಗಲು ಆ ಕಡೆ ಈ ಕಡೆ ಓಡಾಡಿದ್ದೇ ಓಡಾಡಿದ್ದು. ಎಲ್ಲಿ ನಿಂತರೂ ಸಿಗಲಿಲ್ಲ. ಅಷ್ಟು ದೊಡ್ಡ ಕಣ್ಣು, ಯಾರನ್ನೂ ನೋಡುವುದಿಲ್ಲ. ಬೆಟ್ಟ ಇಳಿಯುವಾಗ ನನಗೆ ಅಳುವೇ ಬಂದಿತ್ತು. ಯಾಕೆಂದು ಕೇಳಿದ ಮೇಷ್ಟರಿಗೆ ಕಾಲು ಸುಟ್ಟಿತು ಎಂದೆ.

ಇರಲಿ, ಹೊಳೆನರಸೀಪುರಕ್ಕೆ ಬರೋಣ. ಅಪ್ಪ ಹೋದ ಮೇಲೆ, ಸಾವಿರದ ಒಂಬೈನೂರ ಅರವತ್ತರ ಆಚೀಚೆ, ಅಲ್ಲಿಯ ಹೆಣ್ಣುಮಕ್ಕಳ ಶಾಲೆಗೆ ಡ್ರಾಯಿಂಗ್ ಟೀಚರಾಗಿ ಬಂದೆ. ತಮ್ಮ ಓದಲು ಹಾಸನದಲ್ಲೇ ಉಳಿದ. ನಾನು, ಅಮ್ಮ, ಹೊಳೆಗೆ ಹೋಗುವ ದಾರಿಯಲ್ಲಿ ಎರಡು ಅಂಕಣದ ಬಾಡಿಗೆ ಮನೆ. ನಮ್ಮ ಬೀದಿಯ ತುದಿಯಲ್ಲೇ ರಾಮಣ್ಣನ ಫೋಟೋ ಸ್ಟುಡಿಯೋ. ಒಳಗೆ ಹಂಸದ ಕೊಳ, ಅಮೃತಶಿಲೆಯ ಮೆಟ್ಟಿಲು ಬರೆದ ಪರದೆ. ಅದರ ಮುಂದೆ ನಿಂತು ಬೆವರದ ನವದಂಪತಿಗಳೇ ಆ ಊರಿನಲ್ಲಿರಲಿಲ್ಲ. ಕಪ್ಪು ಬಿಳುಪಿನ ಫೋಟೋಕ್ಕೆ ಕೈಯಿಂದ ಬಣ್ಣ ಹಾಕಿಸಿಕೊಳ್ಳುವ ಷೋಕಿ ಆಗ ಜೋರಾಗಿತ್ತು. ರಾಮಣ್ಣನಿಗೆ ಕೈ ನಡುಕ ಶುರುವಾಗಿದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಕಡ್ಡಿಗೆ ಹತ್ತಿ ಸುತ್ತಿ ಕೆನ್ನೆಗೆ ತೆಳುವಾಗಿ ಕೆಂಪು, ಸೀರೆಗೆ ಹಸಿರು, ಒಡವೆಗೆ ಹಳದಿ.

ನಗಬೇಡಿ, ಮೊದಮೊದಲು ನಾನು ಮಾಡಿದ ಅನಾಹುತ ಒಂದೆರಡಲ್ಲ. ಅರಕಲಗೂಡಿನ ಪಟೇಲರೊಬ್ಬರ ಗಿರಿಜಾ ಮೀಸೆಯ ಕೆಳಗೆ ಗುಲಾಬಿ ತುಟಿ ಅರಳಿಸಿಬಿಟ್ಟಿದ್ದೆ. ಚನ್ನರಾಯಪಟ್ಟಣದ ಎಪ್ಪತ್ತರ ಮುದುಕಿಯೊಬ್ಬಳಿಗೆ ರೆಪ್ಪೆಕೂದಲು ತಿದ್ದುತ್ತ ತಿದ್ದುತ್ತ ಸಿನಿಮಾ ನಾಯಕಿಯ ಕಣ್ಣಾಗಿಹೋಯಿತು. ಮೊಮ್ಮಕ್ಕಳು ಫೋಟೋ ವಾಪಸು ತಂದು ಜಗಳ ತೆಗೆದರು. ಅಜ್ಜಿ ಮಾತ್ರ, "ಸುಮ್ಕಿರ್ರೋ, ನಾನು ಆ ಕಾಲದಾಗೆ ಇಂಗೇ ಇದ್ದೆ" ಅಂದಳಂತೆ. ಫೋಟೋ ಗೋಡೆಗೇರಿತು. ರಾಮಣ್ಣ ನಕ್ಕು ನಕ್ಕು ಸುಸ್ತಾಗಿ, "ಟೀಚರಮ್ಮ, ನಿಮ್ಮ ಕೈಗೆ ಸಿಕ್ಕಿದ್ರೆ ಯಮನ ಕೋಣಕ್ಕೂ ಕಾಡಿಗೆ ಹಚ್ಚುತೀರಿ" ಎಂದಿದ್ದ.

ಅವನ ಬಾಯಿಯ ಮಾತು ಸುಳ್ಳಾಗಲಿಲ್ಲ.

ಆಗೆಲ್ಲ ಎಷ್ಟೋ ಮನೆಗಳಲ್ಲಿ ಜನ ಸತ್ತ ಮೇಲೇ ಫೋಟೋದ ನೆನಪಾಗುತ್ತಿತ್ತು. ಶಿವಭಕ್ತರ ಮನೆಗಳಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ, ವಿಭೂತಿ ಬಳಿದು, ಹೂ ಮುಡಿಸಿ ಕೂರಿಸುತ್ತಾರೆ. ರಾಮಣ್ಣನಿಗೆ ಕರೆ ಬರುತ್ತಿತ್ತು. ಸೈಕಲ್ಲಿಗೆ ಕ್ಯಾಮರಾ ಪೆಟ್ಟಿಗೆ ಕಟ್ಟಿಕೊಂಡು ಹೋಗಿ ಫೋಟೋ ಹಿಡಿದು ಬರುತ್ತಿದ್ದ. ಆಮೇಲೆ ಫೋಟೋದಲ್ಲಿ ಮುಚ್ಚಿದ ರೆಪ್ಪೆಯ ಮೇಲೆಯೇ ತೆರೆದ ಕಣ್ಣು ಬರೆಯಬೇಕು. ಮನೆಯವರಿಗೆ ಸತ್ತವರ ಫೋಟೋ ಬೇಡ, ಎದ್ದು ಕೂತವರ ಫೋಟೋ ಬೇಕು.

ಈ ಕೆಲಸಕ್ಕೆ ರಾಮಣ್ಣ ಒಂದು ಕಟ್ಟಳೆ ಇಟ್ಟಿದ್ದ. ಬಿಳಿ, ಕರಿ ಎಲ್ಲ ಮುಗಿದ ಮೇಲೆ ಕರಿಯ ಪಾಪೆಯೊಳಗೆ ಒಂದು ಬಿಳಿ ಚುಕ್ಕೆ ಇಡುತ್ತೇವೆ. ಬೆಳಕಿನ ಚುಕ್ಕೆ. ಅದಿಲ್ಲದಿದ್ದರೆ ಎಷ್ಟು ಚೆನ್ನಾಗಿ ಬರೆದರೂ ಕಣ್ಣು ಗೋಲಿಯ ಹಾಗೆ ಸತ್ತೇ ಇರುತ್ತದೆ. "ಚುಕ್ಕೆ ಇಟ್ಟ ತಕ್ಷಣ ಎದುರಿಗೆ ಕನ್ನಡಿ ಹಿಡೀಬೇಕು, ಟೀಚರಮ್ಮ. ಮೊದಲನೇ ನೋಟ ಮನುಷ್ಯರ ಮೇಲೆ ಬೀಳಬಾರದು. ದೇವರ ಕಣ್ಣು ತೆರೆಯೋವಾಗ ಶಿಲ್ಪಿಗಳು ಹಿಡಿಯಲ್ವಾ, ಹಂಗೆ." ನಾನು ಆಗ ಇಪ್ಪತ್ತಮೂರರ ವಿದ್ಯಾವಂತೆ ಕಣ್ರೀ! ಅವನೆದುರು ಹೂಂ ಅಂದು, ಹಿಂದೆ ತಿರುಗಿ ನಕ್ಕೆ.

ಹಳೇಕೋಟೆಯ ಫೋಟೋ ಬಂದದ್ದು ಒಂದು ಮಾಘಮಾಸದಲ್ಲಿ. ಆ ಊರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಮಲ್ಲಪ್ಪನವರ ಮಗಳು ರತ್ನ. ಹತ್ತೊಂಬತ್ತು ವರ್ಷ, ನಾಲ್ಕು ದಿನದ ಜ್ವರ. ಗಲ್ಲ ಬೀಳದಂತೆ ಕಟ್ಟಿದ ಬಟ್ಟೆಯನ್ನು ಕನಕಾಂಬರದ ದಂಡೆಯಲ್ಲಿ ಮುಚ್ಚಿದ್ದರು. "ಕಣ್ಣು ಹೆಂಗಿತ್ತು ಗೌಡ್ರೆ?" ಎಂದು ರಾಮಣ್ಣ ನನ್ನೆದುರಿಗೇ ಕೇಳಿದ. ಮಲ್ಲಪ್ಪನವರು ಸ್ವಲ್ಪ ಹೊತ್ತು ಹಂಸದ ಕೊಳವನ್ನೇ ನೋಡುತ್ತ ನಿಂತರು. ಆಮೇಲೆ, "ಎಲ್ಲಾರ್ಗೂ ಇರೋ ಅಂಗೇ ಇತ್ತು. ಚೆಂದಾಗಿ ಬರೀರಿ" ಎಂದು ಹೇಳಿ ಹೊರಟುಹೋದರು.

ಭಾನುವಾರ ಮಧ್ಯಾಹ್ನ. ಅಮ್ಮ ಒಳಗೆ ಮಲಗಿದ್ದಳು. ಕಿಟಕಿಯ ಬಿಸಿಲಿಗೆ ಫೋಟೋ ಹಿಡಿದು ಕೂತೆ. ನನ್ನ ವಯಸ್ಸಿಗೆ ಹತ್ತಿರದ ಹುಡುಗಿ. ಸಿನಿಮಾ ಕಣ್ಣು ಬರೆಯಲು ಯಾಕೋ ಮನಸ್ಸು ಒಪ್ಪಲಿಲ್ಲ. ಎಡಗೈಯಲ್ಲಿ ಈ ಗುಂಡು ಕನ್ನಡಿ ಹಿಡಿದು, ನನ್ನ ಕಣ್ಣನ್ನೇ ನೋಡಿಕೊಂಡು ಅವಳ ರೆಪ್ಪೆಯ ಮೇಲೆ ಬರೆದೆ. ನನ್ನ ಕಣ್ಣು ಚೆನ್ನಾಗಿದೆಯೆಂದು ಕಾಲೇಜಿನಲ್ಲಿ ಯಾರೋ ಹೇಳಿದ್ದರು. ಆ ಜಂಭವೂ ಇತ್ತು, ಸುಳ್ಳೇಕೆ ಹೇಳಲಿ? ಬರೆಯುತ್ತ ಬರೆಯುತ್ತ ಬೀದಿಯ ಸದ್ದೆಲ್ಲ ನಿಂತುಹೋಯಿತು. ಕೊನೆಗೆ ಒಂದೆಳೆ ಕೂದಲಿನ ಕುಂಚದಿಂದ ಚುಕ್ಕೆ ಇಟ್ಟೆ. ಎಡಕ್ಕೊಂದು, ಬಲಕ್ಕೊಂದು.

ಅವಳು ನೋಡಿದಳು.

ನೀವು ನಂಬದಿದ್ದರೂ ಸರಿ. ಬಿಸಿಲು ಅಲುಗಿತೋ, ಕಾಗದ ಸೆಟೆಯಿತೋ, ಗೊತ್ತಿಲ್ಲ. ಕನ್ನಡಿ ನನ್ನ ಕೈಯಲ್ಲೇ ಇತ್ತು, ಆದರೆ ಅದರ ಮುಖ ನನ್ನ ಕಡೆಗಿತ್ತು. ಅವಳ ಮೊದಲನೇ ನೋಟ ನೇರ ನನ್ನ ಮೇಲೆ ಬಿತ್ತು. ಎದ್ದು ಅಡುಗೆಮನೆಗೆ ಹೋಗಿ ಎರಡು ಲೋಟ ನೀರು ಕುಡಿದೆ. ನೆಟ್ಟಗೆ ನೋಡುವ ಚಿತ್ರದ ಕಣ್ಣು ಎಲ್ಲಿ ಹೋದರೂ ಹಿಂಬಾಲಿಸುತ್ತದೆ ಎನ್ನುವುದು ಡ್ರಾಯಿಂಗ್ ಪರೀಕ್ಷೆಗೆ ಓದಿದ ಪಾಠವೇ. ಅದನ್ನು ನನಗೆ ನಾನೇ ಎರಡು ಸಲ ಒಪ್ಪಿಸಿಕೊಂಡೆ. ವಾಪಸು ಬಂದಾಗ ಅವಳು ನಾನು ಬರುವ ಬಾಗಿಲನ್ನೇ ನೋಡುತ್ತಿದ್ದಳು.

ರಾಮಣ್ಣ ಮಾತ್ರ ಫೋಟೋ ನೋಡಿ ಕೈ ಮುಗಿದ. ಮಲ್ಲಪ್ಪನವರು ಬಂದು ಅದನ್ನು ಕಣ್ಣಿಗೊತ್ತಿಕೊಂಡು ಒಯ್ದರು.

ಅದಾದ ಮೇಲೆ ನನಗೆ ಕಣ್ಣುರಿ ಶುರುವಾಯಿತು. ಬೆಳಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು, ಹಸಿ ಸೌದೆಯ ಹೊಗೆ ತಾಗಿದ ಹಾಗೆ ಕಣ್ಣು ಧಾರಾಕಾರ. ಪಾಠದ ಮಧ್ಯೆ ಸೆರಗಿನಲ್ಲಿ ಒರೆಸಿಕೊಳ್ಳುತ್ತ ನಿಂತರೆ ಹುಡುಗಿಯರು ನನಗೇನೋ ದುಃಖವೆಂದು ಗುಸುಗುಸು ಮಾಡಿದರು. ನಮ್ಮ ಮನೆಯಲ್ಲಿ ಅಡುಗೆ ಇದ್ದಿಲೊಲೆಯಲ್ಲಿ, ಹೊಗೆಯೇ ಇಲ್ಲ. ಹಾಸನದ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಏನೂ ಇಲ್ಲ, ಸೀಮೆಸುಣ್ಣದ ಧೂಳು ಎಂದರು. ಅಮ್ಮ ದೃಷ್ಟಿ ತೆಗೆದಳು. ಮೆಣಸಿನಕಾಯಿ ಚಟಪಟ ಅಂದಿತೇ ಹೊರತು ಉರಿ ಹೋಗಲಿಲ್ಲ.

ಒಂದು ತಿಂಗಳಾಗಿರಬೇಕು. ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಬಂದರೆ ನಮ್ಮ ಜಗುಲಿಯ ಮೇಲೆ ಐವತ್ತರ ಹೆಂಗಸೊಬ್ಬಳು ಕೂತಿದ್ದಳು. ಹಣೆಯಲ್ಲಿ ವಿಭೂತಿ, ಮಡಿಲಲ್ಲಿ ಬಿಳಿ ಪಂಚೆಯಲ್ಲಿ ಸುತ್ತಿದ ಚೌಕದ ಗಂಟು. ಸ್ಟುಡಿಯೋದಲ್ಲಿ ವಿಚಾರಿಸಿಕೊಂಡು ಬಂದಿದ್ದಳಂತೆ.

"ಪೋಟಕ್ಕೆ ಕಣ್ಣು ಬರಿಯೋ ಅವ್ವಾರ ಮನೆ ಇದೇಯಾ? ನಾನು ಹಳೇಕೋಟೆ ನಂಜಮ್ಮ. ರತ್ನನ ಅವ್ವ" ಎಂದು ಹೇಳುತ್ತ ತಲೆಯೆತ್ತಿದವಳು ಅರ್ಧಕ್ಕೇ ನಿಲ್ಲಿಸಿದಳು. ನನ್ನ ಮುಖವನ್ನೇ ನೋಡಿದಳು. ಅವಳ ಕೈ ಪಂಚೆಯ ಗಂಟನ್ನು ಬಿಗಿಯಾಗಿ ಹಿಡಿಯಿತು.

"ಓ... ನೀವಾ?" ಅಂದಳು. "ತಿಂಗಳಿಂದ ನಮ್ಮನೇಲಿ ಬಂದು ಕೂತಿರೋರು ನೀವಾ?"

ಹಾಡುಹಗಲು. ಬೀದಿಯಲ್ಲಿ ಸೌತೆಕಾಯಿಯವನು ಕೂಗುತ್ತಿದ್ದ. ಆದರೂ ನನ್ನ ಮೈಯ ಕೂದಲೆಲ್ಲ ನೆಟ್ಟಗಾಯಿತು. ಅಮ್ಮ ಒಳಗಿನಿಂದ ಮಜ್ಜಿಗೆ ತಂದುಕೊಟ್ಟಳು. ನಂಜಮ್ಮ ಕುಡಿಯಲಿಲ್ಲ.

"ತಪ್ಪು ತಿಳ್ಕಬ್ಯಾಡಿ ಕಣವ್ವ. ದಿನಾ ಅಡುಗೆ ಮಾಡ್ತಾ ನನ್ನ ಮಗಳ ಕೂಡೆ ಮಾತಾಡಾನ ಅಂತ ಒಲೆ ಎದುರ್ಗೇ ತಗುಲಾಕಿದ್ದೆ. ಮೊದಲ್ನೇ ದಿನದಿಂದ್ಲೇ ಇದು ನನ್ನ ಮಗಳಲ್ಲ ಅನ್ನುಸ್ತು. ಯಾರೋ ನೆಂಟ್ರು ಬಂದು ಕೂತು, ನಾನು ಏನು ಮಾಡ್ತೀನಿ ಅಂತ ನೋಡ್ದಂಗೆ. ತುತ್ತು ಇಳೀಲಿಲ್ಲ. ಗೋಡೆ ಕಡೆ ತಿರುಗಿಸ್ಬುಟ್ಟೆ. ತಿರುಗಿಸಿದ್ರೂ ನೋಡ್ತಾನೇ ಅದೆ."

"ಒಲೆ ಎದುರಿಗೆ?" ಎಂದು ಕೇಳಿದೆ.

"ಊಂ. ಸೌದೆ ಒಲೆ. ಎಲ್ಡೊತ್ತೂ ಒಗೆ ಅದರ ಮಕಕ್ಕೇ ಒಡೀತಿತ್ತು."

ಅಮ್ಮ ನನ್ನ ಕಡೆ ನೋಡಿದಳು. ನಾನು ಅಮ್ಮನ ಕಡೆ ನೋಡಲಿಲ್ಲ.

ನಂಜಮ್ಮ ಗಂಟು ಬಿಚ್ಚಿದಳು. ಗಾಜು ತೆಗೆಸಿ ತಂದಿದ್ದ ಫೋಟೋ. ಮಸಿ ಹಿಡಿದ ಅಂಚು, ನಡುವೆ ವಿಭೂತಿ ಹಚ್ಚಿದ ಆ ಹುಡುಗಿ, ಅವಳ ಮುಖದಲ್ಲಿ ನನ್ನ ಕಣ್ಣು.

"ಅವಳಿಗೆ ಮೆಳ್ಳೆಗಣ್ಣು ಕಣವ್ವ" ಅಂದಳು ನಂಜಮ್ಮ. "ನಮ್ಮ ಯಜಮಾನ್ರು ಏಳಿರಕ್ಕಿಲ್ಲ. ಮೂರು ಕಡೆ ಗಂಡಿನೋರು ಬಂದು, ಉಪ್ಪಿಟ್ಟು ತಿಂದು, ಕಣ್ಣು ನೋಡಿ ಎದ್ದೋದ್ರು. ಸತ್ತಾಗ್ಲಾದ್ರೂ ನೆಟ್ಟಗಿರ್ಲಿ ಅಂತ ಅವರ ಆಸೆ. ಅವರ್ನ ಬೈಯಕ್ಕೋಗಲ್ಲ. ಊರೋರೂ ನೋಡಿ, ಈಗ ಚೆಂದಾಗವಳೆ ಅಂತಾರೆ. ಈಗ ಚೆಂದಾಗವಳೆ ಅಂದ್ರೆ ಏನವ್ವ? ಎತ್ತೋರಿಗೆ ಎಗ್ಗಣ ಮುದ್ದು ಅಂತೀರೇನೋ, ಅನ್ನಿ. ನಂಗೆ ಆ ಕಣ್ಣೇ ಬೇಕು." ಫೋಟೋವನ್ನು ನನ್ನ ಕಡೆಗೆ ತಳ್ಳಿದಳು. "ಬಿರ್ರನೆ ಬರೀರಿ. ಇದ್ನ ನೋಡಿ ನೋಡಿ ನಂಗೆ ಅವಳ ಕಣ್ಣು ಮರ್ತೋಗ್ತಾ ಅದೆ. ಮೊನ್ನೆ ಕನಸ್ನಾಗೆ ಬಂದ್ಲು. ಬಂದ್ರೆ, ಇದೇ ಕಣ್ಣು ಇಟ್ಕಂಡು ಬಂದವ್ಳೆ."

ಆ ಮಾತು ಕೇಳಿದಾಗ ನನಗಾದ ನಾಚಿಕೆ ಇವತ್ತಿಗೂ ಆರಿಲ್ಲ. ಹುಡುಗಿಯರಿಗೆ ಪಾಠ ಹೇಳುವಾಗ ಇದ್ದದ್ದನ್ನು ಇದ್ದ ಹಾಗೆ ನೋಡಿ ಬರೆಯಿರಿ ಎನ್ನುತ್ತಿದ್ದೆ. ಇಲ್ಲಿ ಒಬ್ಬ ತಾಯಿಯ ಕನಸಿನೊಳಕ್ಕೆ ನಾನೇ ನುಗ್ಗಿ, ಮಗಳನ್ನು ಹೊರಗೆ ತಳ್ಳಿ ಕೂತಿದ್ದೆ.

ಹತ್ತಿ ಒದ್ದೆ ಮಾಡಿ ಕಣ್ಣು ಒರೆಸಿದೆ. ಬಣ್ಣ ಸುಲಭವಾಗಿ ಬಂತು. ಬಿಳಿ ಹೋಯಿತು, ಕರಿ ಹೋಯಿತು, ಕೆಳಗಿನಿಂದ ಮುಚ್ಚಿದ ರೆಪ್ಪೆಗಳು ಮೇಲಕ್ಕೆ ಬಂದವು. ನಂಜಮ್ಮ "ಅಯ್ಯೋ ಮಗಳೇ" ಎಂದು ಬಾಯಿಗೆ ಸೆರಗು ತುರುಕಿಕೊಂಡಳು. ಅವಳ ಕಣ್ಣೆದುರಿಗೇ ಇನ್ನೊಂದು ಸಲ ಆ ಹುಡುಗಿಯ ಕಣ್ಣು ಮುಚ್ಚಿಸಿದಂತಾಯಿತು.

"ಯಾವ ಕಣ್ಣು ನಂಜಮ್ಮ? ಎಡದ್ದಾ, ಬಲದ್ದಾ?"

"ಎಡದ್ದು" ಅಂದಳು. ಕುಂಚ ಅದ್ದಿದೆ. "ಅಲ್ಲಲ್ಲ, ತಡೀರಿ, ಬಲದ್ದು." ತನ್ನ ಕಣ್ಣಿನ ಮೇಲೆ ಕೈ ಇಟ್ಟು ನೋಡಿಕೊಂಡಳು. ಇನ್ನೊಂದರ ಮೇಲೆ ಇಟ್ಟುಕೊಂಡಳು. "ಎದುರ್ಗೆ ನಿಂತಾಗ ಎಡನೋ, ಅವಳ ಎಡನೋ... ಅವ್ವಾ, ಗೊತ್ತಾಯ್ತಿಲ್ವಲ್ಲಾ!" ಅವಳ ಮುಖದಲ್ಲಿ ಆಗ ಕಂಡ ದಿಗಿಲನ್ನು ಯಾವ ಸಿನಿಮಾದಲ್ಲಿಯೂ ನಾನು ನೋಡಿಲ್ಲ. ಹತ್ತೊಂಬತ್ತು ವರ್ಷ ಸಾಕಿದ ಮಗಳು, ಸತ್ತು ಎರಡು ತಿಂಗಳಾಗಿಲ್ಲ. ಮರೆತೇ ಹೋಗಿತ್ತು. ನಾನೇ ಮರೆಸಿದ್ದೆ.

ಏನು ತೋಚಿತೋ ಏನೋ. ಫೋಟೋವನ್ನು ಕುರ್ಚಿಯ ಮೇಲೆ ಗೋಡೆಗೊರಗಿಸಿ ಕೂರಿಸಿದೆ. "ಒಂದು ಸಲ ಕರೀರಿ ಅವಳನ್ನ" ಎಂದೆ.

"ಊಂ?"

"ಮನೇಲಿ ಕರೀತಿದ್ರಲ್ಲ, ಹಾಗೇ ಕರೀರಿ."

ನಂಜಮ್ಮ ಕುರ್ಚಿಯ ನೇರಕ್ಕೆ ನಿಂತಿದ್ದಳು. ಸೆರಗು ಸರಿಮಾಡಿಕೊಂಡಳು. "ರತ್ನಾ" ಎಂದಳು, ಮೆಲ್ಲಗೆ. ಏನೂ ಆಗಲಿಲ್ಲ. ಆಮೇಲೆ ನಿಜವಾದ ದನಿಯಲ್ಲಿ, ಹಿತ್ತಿಲಿನಲ್ಲಿದ್ದವಳಿಗೆ ಕೇಳುವ ಹಾಗೆ ಕರೆದಳು: "ಲೇ ರತ್ನಾ, ಬಾರೇ ಇಲ್ಲಿ!"

ಕರೆಯುತ್ತಲೇ ಅವಳ ಕಾಲು ಸರಿಯಿತು. ತಾನಾಗಿಯೇ. ನೇರ ನಿಂತಿದ್ದವಳು ಎರಡು ಹೆಜ್ಜೆ ಪಕ್ಕಕ್ಕೆ, ಫೋಟೋಕ್ಕೆ ಎದುರಾಗಿದ್ದ ನನ್ನ ಬಲಗಡೆಗೆ, ಕಿಟಕಿಯ ಹತ್ತಿರಕ್ಕೆ ಬಂದು ನಿಂತಳು. ನಿಂತ ಮೇಲೆ ತನ್ನ ಕಾಲನ್ನು ತಾನೇ ನೋಡಿಕೊಂಡಳು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಇಲ್ಲೇ" ಎಂದಳು ನಂಜಮ್ಮ. "ಅವಳು ಬಂದಾಗ ಯಾವಾಗ್ಲೂ ನಾನು ಇಲ್ಲೇ ನಿಂತ್ಕಳ್ತಿದ್ದೆ. ನೆಟ್ಟಗಿನ ಕಣ್ಣು ಎಲ್ಲಾರ್ಗೂ. ಈ ಕಡೆ ನೋಡೋ ಕಣ್ಣು ನಂದು."

ಎಡಗಣ್ಣು. ಅವಳ ಎಡ. ಪಾಪೆಯನ್ನು ಕಣ್ಣಿನ ಹೊರತುದಿಗೆ ಸರಿಸಿ ಬರೆದೆ. ನಂಜಮ್ಮ ಕಿಟಕಿಯ ಪಕ್ಕದಿಂದ ಕದಲದೆ, "ಇನ್ನೊಂಚೂರು... ಊಂ... ಸಾಕು" ಎನ್ನುತ್ತಿದ್ದಳು. ನನ್ನ ಸಿನಿಮಾ ಬೇಡ, ನನ್ನ ಕನ್ನಡಿ ಬೇಡ. ಬರೆಯುವುದು ನನ್ನ ಕೈ, ಕಾಣುವುದು ಅವಳ ಕಣ್ಣು. ಬರೆದು ಮುಗಿದಾಗ ಬಿಸಿಲು ಗೋಡೆ ಹತ್ತಿತ್ತು. ಚುಕ್ಕೆ ಇಡುವ ಮೊದಲು ಕನ್ನಡಿಯನ್ನು ಅಮ್ಮನ ಕೈಗೆ ಕೊಟ್ಟು, ಫೋಟೋದ ಎದುರಿಗೆ ಹಿಡಿ ಎಂದೆ. ವಿದ್ಯಾವಂತೆ ಆ ಹೊತ್ತಿಗೆ ಎಲ್ಲೋ ಓಡಿಹೋಗಿದ್ದಳು. ಬಲಕ್ಕೊಂದು ಚುಕ್ಕೆ, ಎಡಕ್ಕೊಂದು ಚುಕ್ಕೆ. ನಾನು ಹಿಂದೆ ಸರಿದೆ. ಅಮ್ಮ ಕನ್ನಡಿ ಇಳಿಸಿದಳು.

ಫೋಟೋ ನನ್ನನ್ನೂ ನೋಡುತ್ತಿತ್ತು, ಸುಮ್ಮನೆ, ಗುರುತಿಲ್ಲದ ಟೀಚರನ್ನು ನೋಡುವ ಹಾಗೆ. ಇನ್ನೊಂದು ಕಣ್ಣು ಕಿಟಕಿಯ ಕಡೆಗಿತ್ತು.

"ಬಂದ್ಲು" ಅಂದಳು ನಂಜಮ್ಮ. ಆಮೇಲೆ ಜಗುಲಿಯಿಂದ ಮಜ್ಜಿಗೆಯ ಲೋಟ ತರಿಸಿಕೊಂಡು ಒಂದೇ ಗುಟುಕಿಗೆ ಕುಡಿದಳು.

ಹೊರಡುವಾಗ ಪಂಚೆಯ ಗಂಟು ಎದೆಗವಚಿಕೊಂಡು ನನ್ನ ಗಲ್ಲ ಮುಟ್ಟಿ, "ನಿಮ್ಮ ಕಣ್ಣು ನಿಮಗೆ ಬಂತು ಕಣವ್ವ. ಉಸಾರಾಗಿ ಮಡಿಕಳಿ" ಎಂದಳು. ಬಸ್ಸಿಗೆ ಹೋಗುವವರೆಗೂ ತಿರುಗಿ ನೋಡಲಿಲ್ಲ.

ಮಾರನೆಯ ದಿನದಿಂದ ಕಣ್ಣುರಿ ನಿಂತಿತು. ಸೀಮೆಸುಣ್ಣ ಅದೇ, ಕರಿಹಲಗೆ ಅದೇ. ಡಾಕ್ಟರು ಕೊಟ್ಟ ಹನಿಯಿಂದ ವಾಸಿಯಾಯಿತೆಂದು ನಾನು ಶಾಲೆಯಲ್ಲಿ ಹೇಳಿಕೊಂಡೆ. ರಾಮಣ್ಣನಿಗೆ ಮಾತ್ರ ಇನ್ನು ಮುಂದೆ ಸೀರೆಗೆ, ಒಡವೆಗೆ ಎಷ್ಟು ಬೇಕಾದರೂ ಬಣ್ಣ ಹಾಕುತ್ತೇನೆ, ಕಣ್ಣು ಬರೆಯುವುದಿಲ್ಲ ಎಂದುಬಿಟ್ಟೆ. ಅವನು ಯಾಕೆಂದು ಕೇಳಲಿಲ್ಲ. ಕನ್ನಡಿ ಹಿಡಿದಿರಲಿಲ್ಲ ಅಲ್ವಾ, ಎಂದಷ್ಟೇ ಕೇಳಿದ.

ಇದನ್ನೆಲ್ಲ ಶೈಲಜೆಗೆ ಹೇಳಿಲ್ಲ. ಹೇಳಿದರೆ ಡಾಕ್ಟರಿಗೆ ಹೇಳುತ್ತಾಳೆ, ಡಾಕ್ಟರು ಕಣ್ಣಿನ ಜೊತೆ ತಲೆಯನ್ನೂ ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ಗದರಿದ್ದಕ್ಕೆ ಸಮಾಧಾನ ಮಾಡಲು ಅವಳನ್ನು ಹತ್ತಿರ ಕೂರಿಸಿಕೊಂಡೆ. ಆ ಕನ್ನಡಿಯನ್ನೂ ಆಸ್ಪತ್ರೆಯ ಚೀಲಕ್ಕೆ ಹಾಕು ಎಂದೆ.

"ಮುಖಾನೇ ಕಾಣಲ್ಲ, ಅದ್ಯಾಕತ್ತೆ?"

"ಪಟ್ಟಿ ಬಿಚ್ಚುತಾರಲ್ಲ, ಆಗ ಅದನ್ನ ನನ್ನ ಎದುರಿಗೆ ಹಿಡಿ. ನೀನು ಮಾತ್ರ ನೇರಕ್ಕೆ ನಿಲ್ಲಬೇಡ. ಸ್ವಲ್ಪ ಪಕ್ಕಕ್ಕೆ ನಿಲ್ಲು."

"ಪಕ್ಕಕ್ಕೆ ಅಂದ್ರೆ?" ಎಂದು ನಗುತ್ತ ಎದ್ದು, ಕಿಟಕಿಯ ಕಡೆ ಎರಡು ಹೆಜ್ಜೆ ಸರಿದು ನಿಂತಳು. "ಇಲ್ಲಿಯಾ?"

ಅವತ್ತು ನಂಜಮ್ಮ ಸರಿದು ನಿಂತ ಹಾಗೆಯೇ ನಿಂತಿದ್ದಳು. ಹೌದೆಂದು ತಲೆಯಾಡಿಸಿದೆ.